ತೊಗರಿ ನಮ್ಮದು, ಬೇಳೆ ಯಾರದು?

ಎಂಟು ರೂಪಾಯಿ ಮೂವತ್ತಾರು ಪೈಸೆ.

2022ರ ನವೆಂಬರಿನಲ್ಲಿ ಗದಗ ಜಿಲ್ಲೆಯ ಒಬ್ಬ ರೈತ ನಾನೂರಕ್ಕೂ ಹೆಚ್ಚು ಕಿಲೋಮೀಟರು ದಾಟಿಸಿ ಬೆಂಗಳೂರಿನ ಯಶವಂತಪುರ ಮಂಡಿಗೆ ತಂದ 205 ಕಿಲೊ ಈರುಳ್ಳಿಗೆ ಕೈಗೆ ಬಂದ ಹಣ ಅದು. ರಸೀದಿಯ ಲೆಕ್ಕದಲ್ಲಿ ತಪ್ಪು ಹುಡುಕಿದರೂ ಸಿಗುವುದಿಲ್ಲ. ಕ್ವಿಂಟಲಿಗೆ 200 ರೂಪಾಯಿಯಂತೆ ಒಟ್ಟು 410. ಲಾರಿ ಬಾಡಿಗೆ 377 ರೂಪಾಯಿ 64 ಪೈಸೆ. ಹಮಾಲಿ 24 ರೂಪಾಯಿ. ಕಳೆದರೆ ಉಳಿದದ್ದು ಎಂಟು ಚಿಲ್ಲರೆ. ಲಾರಿಯವನಿಗೆ ಅವನ ಬಾಡಿಗೆ ಸಿಕ್ಕಿತು, ಮೂಟೆ ಹೊತ್ತವನಿಗೆ ಅವನ ಕೂಲಿ ಸಿಕ್ಕಿತು. ಸಿಗಲೇಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಬೀಜ ಹಾಕಿದವನ, ಕಳೆ ಕಿತ್ತವಳ, ಗಡ್ಡೆ ಕೊಯ್ದು ಚೀಲ ತುಂಬಿದವಳ ಹೆಸರಿನಲ್ಲಿ ಆ ಚೀಟಿಯೊಳಗೆ ಒಂದು ಸಾಲೂ ಇರಲಿಲ್ಲ.

ಚೀಟಿ ಮೊಬೈಲಿನಿಂದ ಮೊಬೈಲಿಗೆ ಹಾರಿ ನಾಡೆಲ್ಲ ಸುತ್ತಿತು. ಮೊದಲು ಎಲ್ಲರೂ ಅಯ್ಯೋ ಪಾಪ ಅಂದರು. ಪಾಪ ಅಂದು ಮುಗಿದ ಮೇಲೆ ಬುದ್ಧಿವಾದ ಶುರುವಾಯಿತು. ಹಸಿ ಮಾಲು ಹೊತ್ತುಕೊಂಡು ಹೋದರೆ ಇನ್ನೇನಾಗುತ್ತೆ? ಒಣಗಿಸಬೇಕಿತ್ತು, ಪುಡಿ ಮಾಡಬೇಕಿತ್ತು, ಪೊಟ್ಟಣ ಕಟ್ಟಿ ಬ್ರ್ಯಾಂಡ್ ಮಾಡಬೇಕಿತ್ತು. ರೈತ ಉದ್ಯಮಿಯಾಗದೆ ಉದ್ಧಾರವಿಲ್ಲ. ಕೃಷಿ ಮೇಳದ ಶಾಮಿಯಾನದಲ್ಲಿ, ಬ್ಯಾಂಕಿನ ಸಾಲ ಮೇಳದಲ್ಲಿ, ಮಂತ್ರಿಗಳು ದೀಪ ಹಚ್ಚುವ ವೇದಿಕೆಯಲ್ಲಿ ಈ ಮೌಲ್ಯವರ್ಧನೆಯ ಪುರಾಣ ಕೇಳಿ ಕೇಳಿ ನಮ್ಮ ಕಿವಿ ತೂತು ಬಿದ್ದಿವೆ. ಹೇಳುವವರು ಯಾರು? ತಿಂಗಳು ಮುಗಿದರೆ ಸಂಬಳ ತಪ್ಪದವರು. ವರ್ಷದ ದುಡಿಮೆಯನ್ನು ಇನ್ನೊಬ್ಬನ ಮುಂದೆ ಸುರಿದು, ಅವನು ಹೇಳಿದ ದರಕ್ಕೆ ತಲೆಯಾಡಿಸಿ ಬರಿಗೈಲಿ ಬಸ್ಸು ಹತ್ತಿದ ಒಂದು ದಿನವನ್ನೂ ಬದುಕಿನಲ್ಲಿ ಕಾಣದವರು.

ನಮಗೇನು ಗೊತ್ತಿರಲಿಲ್ಲವೇ? ಹಪ್ಪಳ, ಸಂಡಿಗೆ, ಶಾವಿಗೆ, ಉಪ್ಪಿನಕಾಯಿ ಮಾಡುವುದನ್ನು ನಮ್ಮ ಅವ್ವಂದಿರು ಯಾವ ತರಬೇತಿ ಕೇಂದ್ರದಲ್ಲಿ ಕಲಿತಿದ್ದರು? ಕಬ್ಬು ಬೆಲ್ಲವಾಗುತ್ತಿದ್ದದ್ದು ಊರ ಆಲೆಮನೆಯಲ್ಲಿ. ಕುಸುಬೆ, ಶೇಂಗಾ ಎಣ್ಣೆಯಾಗುತ್ತಿದ್ದದ್ದು ಊರ ಗಾಣದಲ್ಲಿ. ತೆಂಗಿನಕಾಯಿ ತಿಂಗಳುಗಟ್ಟಲೆ ಅಟ್ಟದಲ್ಲಿ ಕೂತು ಉಂಡೆ ಕೊಬ್ಬರಿಯಾಗುವುದು ಇವತ್ತಿಗೂ ತಿಪಟೂರು ಸೀಮೆಯ ರೈತರ ಮನೆಯೊಳಗೇ. ಭತ್ತ ಅಕ್ಕಿಯಾಗುವ, ತೊಗರಿ ಬೇಳೆಯಾಗುವ ಕೆಲಸ ಹಳ್ಳಿ ಬಿಟ್ಟು ಪಟ್ಟಣ ಸೇರಿದ್ದು ರೈತನ ದಡ್ಡತನದಿಂದಲ್ಲ. ಬಂಡವಾಳ ಇದ್ದವನು ಯಂತ್ರ ತಂದ. ಅವನಿಗೆ ಕೈಗಾರಿಕಾ ಪ್ರದೇಶದಲ್ಲಿ ಜಾಗ ಸಿಕ್ಕಿತು, ಹಗಲು ರಾತ್ರಿ ಕರೆಂಟು ಸಿಕ್ಕಿತು, ಬ್ಯಾಂಕಿನ ಬಾಗಿಲು ತೆರೆಯಿತು. ಬೆಳೆದವನಿಗೆ ಸಿಕ್ಕಿದ್ದು ರಾತ್ರಿ ಪಾಳಿಯ ತ್ರಿಫೇಸ್ ಕರೆಂಟು.

ಬೀಸುಕಲ್ಲಿಗೆ ಮರಳೋಣ ಎಂದು ನಾನು ಹಾಡುತ್ತಿಲ್ಲ. ಆ ಕಲ್ಲು ಹೆಂಗಸರ ರಟ್ಟೆ ಮುರಿದಿದೆ, ಹೋದದ್ದೇ ಒಳ್ಳೆಯದಾಯಿತು. ನನ್ನ ಜಗಳ ಯಂತ್ರದ ಜೊತೆಗಲ್ಲ, ಅದರ ಒಡೆತನದ ಜೊತೆಗೆ. ಬೆಳೆದವನಿಗೆ, ದುಡಿದವಳಿಗೆ ಗಿರಣಿಯಲ್ಲಿ ಪಾಲಿಲ್ಲದಿದ್ದರೆ, ದರ ಕಟ್ಟುವ ಜಾಗದಲ್ಲಿ ಅವರಿಗೆ ಮಾತಿಲ್ಲದಿದ್ದರೆ, ನೀವು ಕಲಿಸುವ ಮೌಲ್ಯವರ್ಧನೆ ಇನ್ನೊಬ್ಬನ ಗಲ್ಲಾಪೆಟ್ಟಿಗೆ ತುಂಬಿಸುವ ಕೂಲಿ ಕೆಲಸ. ಈ ಬರಹದಲ್ಲಿ ನಾನು ಹೇಳಹೊರಟಿರುವುದು ಇಷ್ಟೇ. ಉಳಿದದ್ದೆಲ್ಲ ಅದಕ್ಕೆ ಸಾಕ್ಷಿ.

ಮೊದಲ ಸಾಕ್ಷಿ ವಿಠಲೇನಹಳ್ಳಿ. ತೊಂಬತ್ತರ ದಶಕದ ಕೊನೆಗೆ ತೆಂಗಿಗೆ ನುಸಿ ಪೀಡೆ ಬಡಿಯಿತು. ಕಾಯಿ ಕಪ್ಪಿಟ್ಟು ಸಣ್ಣಗಾದವು, ಇಳುವರಿ ಕುಸಿಯಿತು. ಆಗ ದಕ್ಷಿಣ ಕರ್ನಾಟಕದ ತೆಂಗು ಬೆಳೆಗಾರರು ಪರಿಹಾರಕ್ಕೆ ಕೈಚಾಚಿ ಸುಮ್ಮನೆ ಕೂರಲಿಲ್ಲ. ಹೊಂಬಾಳೆಯಿಂದ ನೀರಾ ಇಳಿಸಿ ಮಾರಲು ಬಿಡಿ ಎಂದರು. ಹುಳಿಯುವ ಮುಂಚಿನ ಸಿಹಿ ರಸ ಅದು. ಹಾಗೇ ಕುಡಿಯಬಹುದು, ಕಾಯಿಸಿದರೆ ಬೆಲ್ಲ. ಇವತ್ತಿನ ವೇದಿಕೆಗಳ ಮಾತಿನಲ್ಲಿ ಹೇಳುವುದಾದರೆ ಇದಕ್ಕಿಂತ ಅಪ್ಪಟ ಮೌಲ್ಯವರ್ಧನೆ ಬೇರೆ ಇಲ್ಲ. ಸರ್ಕಾರ ಮುಂದೆ ಹಿಡಿದದ್ದು ಅಬಕಾರಿ ಕಾನೂನು. ನೀರಾ ನಿಂತರೆ ಹೆಂಡವಾಗುತ್ತದಂತೆ. ಹಾಗಾಗಿ ತನ್ನ ತೋಟದ ತನ್ನ ಮರಕ್ಕೆ ಮಡಕೆ ಕಟ್ಟಿದವನು ಅಪರಾಧಿ. ಸಾರಾಯಿ ಪಾಕೀಟನ್ನು ಊರೂರಿಗೆ ತಲುಪಿಸುತ್ತಿದ್ದ ಗುತ್ತಿಗೆದಾರ ಮರ್ಯಾದಸ್ಥ. 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ನೀರಾ ಚಳವಳಿಗಾರರ ಮೇಲೆ ಪೊಲೀಸರು ಗುಂಡು ಹಾರಿಸಿದರು. ರೈತರು ಸತ್ತರು.

ವರ್ಷಗಳು ಉರುಳಿದ ಮೇಲೆ ಅದೇ ವಿಧಾನಸೌಧಕ್ಕೆ ಜ್ಞಾನೋದಯವಾಯಿತು. ನೀರಾ ಈಗ ಆರೋಗ್ಯ ಪೇಯ. ಪರವಾನಗಿ ಪಡೆದು ಇಳಿಸಬಹುದು, ಶೀತಲ ಪೆಟ್ಟಿಗೆಯಲ್ಲಿಟ್ಟು ಮಾರಬಹುದು, ಮೇಳದಲ್ಲಿ ಮಂತ್ರಿಗಳು ಒಂದು ಲೋಟ ಹೀರಿ ಫೋಟೊ ತೆಗೆಸಿಕೊಳ್ಳಬಹುದು. ರಸ ಬದಲಾಗಿಲ್ಲ, ಮರ ಬದಲಾಗಿಲ್ಲ. ಹಾಗಾದರೆ ಅಂದು ಸತ್ತವರು ಯಾವ ತಪ್ಪಿಗೆ ಸತ್ತರು? ರೈತ ತಾನಾಗಿಯೇ ಮೌಲ್ಯ ಕಟ್ಟಲು ಹೊರಟಾಗ ಬಂದೂಕು, ಸರ್ಕಾರಕ್ಕೆ ಬೇಕೆನಿಸಿದಾಗ ಬಂಟಿಂಗ್ಸು. ಉದ್ಯಮಿಯಾಗು ಎನ್ನುವವರು ಮೊದಲು ಈ ಲೆಕ್ಕ ಚುಕ್ತಾ ಮಾಡಲಿ.

ಎರಡನೆಯ ಸಾಕ್ಷಿ ಕಲಬುರಗಿ. ತೊಗರಿಯ ಕಣಜ ಎಂದು ಹೊಗಳುತ್ತಾರೆ. 2019ರಲ್ಲಿ ಗುಲ್ಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಬಂತು. ಗಮನಿಸಿ, ಮಾನ್ಯತೆ ಬಂದದ್ದು ಬೇಳೆಗೆ. ರೈತನ ಕಣದಲ್ಲಿ ಇರುವುದು ತೊಗರಿ, ಬೇಳೆಯಾಗುವುದು ಗಿರಣಿಯಲ್ಲಿ. ಒಂದು ಕ್ವಿಂಟಲು ತೊಗರಿ ಒಡೆದರೆ ಸುಮಾರು 70 ಕಿಲೊ ಬೇಳೆ ಬರುತ್ತದೆ. ಹೊಟ್ಟು, ನುಚ್ಚು ದನದ ಮೇವಿಗೆ ಮಾರಾಟವಾಗುತ್ತವೆ. ಕಪ್ಪು ಮಣ್ಣು ಬಿರುಕು ಬಿಡುವ ನಾಡಿನಲ್ಲಿ ಆರೇಳು ತಿಂಗಳು ಆಕಾಶ ನೋಡಿದವನಿಗೆ ಒಂದು ದರ, ಗಿರಣಿಯಲ್ಲಿ ಕೆಲವು ದಿನ ಕೂತು ಎದ್ದು ಬಂದ ಕಾಳಿಗೆ ಇನ್ನೊಂದು ದರ.

2015ರಲ್ಲಿ ಅಂಗಡಿಯಲ್ಲಿ ತೊಗರಿ ಬೇಳೆ ಕಿಲೊಗೆ 200 ರೂಪಾಯಿ ಮುಟ್ಟಿತು. ದೇಶವೇ ಬಾಯಿ ಬಡಿದುಕೊಂಡಿತು. ಬೆಳೆಯಿರಿ ಎಂದು ರೈತರಿಗೆ ಹೇಳಲಾಯಿತು, ಬೆಳೆದರು. 2016-17ರಲ್ಲಿ ಫಸಲು ಕಣ ತುಂಬಿತು, ದರ ಕ್ವಿಂಟಲಿಗೆ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗೆ ಬಿತ್ತು. ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರುಗಳ ಸಾಲು. ತೂಗುವವರಿಲ್ಲ, ತೂಗಿದರೆ ತುಂಬಲು ಗೋಣಿಚೀಲ ಇಲ್ಲ. ಚಳಿಯಲ್ಲಿ ಚೀಲದ ಮೇಲೆ ಮಲಗಿದ ರೈತ ಸಾಕಾಗಿ ಹೊರಗಿನ ವ್ಯಾಪಾರಿಗೆ ಸಿಕ್ಕಿದ ದರಕ್ಕೆ ಕೊಟ್ಟ. ಆ ವ್ಯಾಪಾರಿಗೆ ಗೋಣಿಚೀಲದ ಕೊರತೆ ಆಗಲೇ ಇಲ್ಲ.

ಸಾಲದೆಂಬಂತೆ ಹಡಗುಗಳು. 2021ರಲ್ಲಿ ತೊಗರಿ ಆಮದಿನ ಮಿತಿ ತೆಗೆದರು, 2023ರಲ್ಲಿ ಸುಂಕವನ್ನೂ ತೆಗೆದರು. ವರ್ಷಕ್ಕೆ ಮೊಜಾಂಬಿಕ್‌ನಿಂದ ಎರಡು ಲಕ್ಷ ಟನ್, ಮ್ಯಾನ್ಮಾರ್‌ನಿಂದ ಒಂದು ಲಕ್ಷ, ಮಲಾವಿಯಿಂದ ಐವತ್ತು ಸಾವಿರ ಟನ್ ತರಿಸಲು ಒಪ್ಪಂದವೂ ಆಯಿತು. ಆಫ್ರಿಕಾದ ರೈತ ನಮ್ಮ ವೈರಿಯಲ್ಲ. ಅವನೂ ನಮ್ಮ ಹಾಗೆ ಇನ್ನೊಬ್ಬ ಹೇಳಿದ ದರಕ್ಕೆ ಮಾರುವವನೇ. ಆದರೆ ಕಲಬುರಗಿಯ ರೈತನಿಗೆ ‘ಮಾರುಕಟ್ಟೆ ಇದ್ದಂತೆ ನಡೆಯಪ್ಪ’ ಎನ್ನುವ ಸರ್ಕಾರವೇ ಆ ಮಾರುಕಟ್ಟೆಯ ಬಾಗಿಲು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ದಿಲ್ಲಿಯಲ್ಲಿ ಕೂತು ತೀರ್ಮಾನಿಸುತ್ತದೆ. ದರ ಏರಿದರೆ ಹಡಗು, ದರ ಇಳಿದರೆ ಹಣೆಬರಹ.

ಮೂರನೆಯ ಸಾಕ್ಷಿ ಬ್ಯಾಡಗಿ. 2024ರ ಮಾರ್ಚ್ 11, ಸೋಮವಾರ, ಮೆಣಸಿನಕಾಯಿಯ ಟೆಂಡರ್ ದಿನ. ದರ ಒಮ್ಮೆಲೇ ಕುಸಿದದ್ದು ಕಂಡ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು. ಗಾಜು ಒಡೆದವು, ವಾಹನಗಳು ಉರಿದವು, ಬೆಂಕಿ ಆರಿಸಲು ಬಂದ ವಾಹನವನ್ನೂ ಬಿಡಲಿಲ್ಲ. ಮರುದಿನ ಪತ್ರಿಕೆಗಳಲ್ಲಿ ‘ಕಿಡಿಗೇಡಿಗಳು’. ಹಲವರ ಬಂಧನ. ಸುಟ್ಟದ್ದನ್ನು ನಾನು ಸಮರ್ಥಿಸುವುದಿಲ್ಲ. ಸುಟ್ಟ ಜೀಪಿನಿಂದ ಯಾರ ಸಾಲವೂ ತೀರಲಿಲ್ಲ. ಆದರೆ ಬೀಜಕ್ಕೆ, ಔಷಧಕ್ಕೆ, ಬಿಡಿಸುವ ಕೂಲಿಗೆ ಸಾಲ ಮಾಡಿ, ರಾತ್ರಿಯಿಡೀ ಲಾರಿಯಲ್ಲಿ ಕೂತು ಬಂದ ಜನ ಹಲಗೆಯ ಮೇಲಿನ ದರ ನೋಡಿ ಏನು ಮಾಡಬೇಕಿತ್ತು? ಮನವಿ ಪತ್ರ ಬರೆಯಬೇಕಿತ್ತೇ? ಬರೆದಿದ್ದಾರೆ, ಬೇಕಾದಷ್ಟು.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಭೌಗೋಳಿಕ ಸೂಚ್ಯಂಕ ಸಿಕ್ಕಿದೆ. ಖಾರ ಕಡಿಮೆ, ಬಣ್ಣ ಗಾಢ. ಆ ಬಣ್ಣವನ್ನು ಎಣ್ಣೆಯಾಗಿ ಹಿಂಡಿ ತಿಂಡಿಗೆ, ತುಟಿಬಣ್ಣಕ್ಕೆ ಬಳಸುತ್ತಾರೆ. ಕಂಪನಿಗೆ ಬೇಕಾದದ್ದು ಬಣ್ಣದ ಅಂಶ. ಅದನ್ನು ಪ್ರಯೋಗಾಲಯದಲ್ಲಿ ಅಳೆದು, ಅಳತೆಗೆ ತಕ್ಕ ಹಣಕ್ಕೆ ಮಾರುತ್ತದೆ. ರೈತನ ಲಾಟಿಗೆ ಯಾವ ಅಳತೆ? ಖರೀದಿದಾರ ಚೀಲಕ್ಕೆ ಕೈಹಾಕಿ ಹಿಡಿ ಕಾಯಿ ತೆಗೆದು, ಮುರಿದು, ಮೂಸಿ, ಟೆಂಡರಿನಲ್ಲಿ ಒಂದು ಅಂಕಿ ಹಾಕುತ್ತಾನೆ. ತನ್ನ ಕಾಯಿಯಲ್ಲಿ ಎಷ್ಟು ಬಣ್ಣವಿದೆ ಎಂದು ಬೆಳೆದವನಿಗೆ ತಿಳಿಸುವವರಿಲ್ಲ. ಇಂಥದರಲ್ಲಿ ಸೂಚ್ಯಂಕದ ಪ್ರಮಾಣಪತ್ರ ಗೋಡೆಗೆ ಚೆಂದ.

ದರ ಬೇಡವೆಂದರೆ ವಾಪಸು ಒಯ್ಯಬಹುದಲ್ಲ ಎನ್ನುತ್ತಾರೆ. ಎಲ್ಲಿಗೆ? ಬ್ಯಾಡಗಿಯ ಸುತ್ತ ಶೈತ್ಯಾಗಾರಗಳಿವೆ, ಬಣ್ಣ ಕೆಡದಂತೆ ಕಾಯಿ ತಿಂಗಳುಗಟ್ಟಲೆ ಇರುತ್ತದೆ. ಬಾಡಿಗೆ ಕಟ್ಟಿ, ತಿಂಗಳುಗಟ್ಟಲೆ ಕಾಯುವ ತಾಕತ್ತು ಯಾರಿಗಿದೆಯೋ ಮೌಲ್ಯ ಅವನದು. ರೈತನಿಗೆ ಮುಂಗಡ ಕೊಟ್ಟವನು ದಲಾಲ; ಮಾಲು ಮಾರಿಕೊಡುವವನೂ ಅದೇ ದಲಾಲ. ಸಾಲ ಇರುವವನಿಗೆ ಇನ್ನೊಂದು ಅಂಗಡಿಯ ಮೆಟ್ಟಿಲು ಹತ್ತುವ ಹಾಗಿಲ್ಲ. ರೈತನಿಂದ ದಲಾಲಿ ಕೀಳುವಂತಿಲ್ಲ ಎಂದು ಕಾನೂನಿದೆ. ಅದಕ್ಕೇ ಲೆಕ್ಕಕ್ಕೆ ಸಿಗದ ಬಿಳಿ ಚೀಟಿ ಹುಟ್ಟಿದೆ. ತೂಕದಲ್ಲಿ ಸೂಟು ಎಂಬ ಕಡಿತ, ಸ್ಯಾಂಪಲ್ಲಿಗೆಂದು ಒಂದು ಬೊಗಸೆ, ಧರ್ಮಕ್ಕೆಂದು ಇನ್ನೊಂದು. ದೇವರ ಹುಂಡಿಯೂ ರೈತನ ಚೀಲದಿಂದಲೇ ತುಂಬುತ್ತದೆ.

ಹೀಗೆಂದ ಕೂಡಲೇ ಇನ್ನೊಂದು ಜಾತಿಯ ಪಂಡಿತರು ಎದ್ದು ನಿಲ್ಲುತ್ತಾರೆ. ಎಪಿಎಂಸಿಯೇ ಸರಿಯಿಲ್ಲ, ಹೊರಗೆ ಮಾರಿ ಎನ್ನುತ್ತಾರೆ. 2020ರಲ್ಲಿ ಕೇಂದ್ರ ಮೂರು ಕೃಷಿ ಕಾಯ್ದೆ ತಂದದ್ದು, ಕರ್ನಾಟಕ ತನ್ನ 1966ರ ಎಪಿಎಂಸಿ ಕಾಯ್ದೆಗೆ ತಿದ್ದುಪಡಿ ತಂದದ್ದು ಈ ಮಂತ್ರ ಜಪಿಸಿಯೇ. ಎಲ್ಲಿ ಬೇಕಾದರೂ ಮಾರುವ ಸ್ವಾತಂತ್ರ್ಯವಂತೆ. ಕೊಳೆಯುವ ಮಾಲು ಹಿಡಿದು ನಿಂತವನಿಗೆ ಊರೂರು ಅಲೆಯುವ ಸ್ವಾತಂತ್ರ್ಯ ಕೊಟ್ಟು ಏನು ಪ್ರಯೋಜನ? ಹೊರಗಿರುವ ಖರೀದಿದಾರನೂ ದರವನ್ನು ತಾನೇ ಬರೆಯುತ್ತಾನೆ. ದಿಲ್ಲಿಯ ಗಡಿಯಲ್ಲಿ ವರ್ಷವಿಡೀ ಕೂತು ರೈತರು 2021ರಲ್ಲಿ ಆ ಮೂರು ಕಾಯ್ದೆಗಳನ್ನು ವಾಪಸು ತೆಗೆಸಿದರು. ಎಪಿಎಂಸಿ ಅಂಗಳ ಹೊಲಸಾಗಿದೆ ನಿಜ. ಆದರೆ ಅಲ್ಲಿ ರೈತನಿಗೆ ಮತವಿದೆ, ಕೂಗಿದರೆ ಕೇಳುವ ಒಂದು ಕಟ್ಟಡವಾದರೂ ಇದೆ. ಹೊಲಸು ಗುಡಿಸಬೇಕು, ಅಂಗಳವನ್ನೇ ಮಾರುವುದು ಗುಡಿಸುವುದಲ್ಲ.

ಇರಲಿ, ಇಷ್ಟೆಲ್ಲ ಕಂಡೂ ಒಬ್ಬ ರೈತ, ಒಬ್ಬ ಹೆಣ್ಣುಮಗಳು ಧೈರ್ಯ ಮಾಡಿ ಸಣ್ಣ ಉದ್ಯಮಕ್ಕೆ ಕೈಹಾಕಿದರೆನ್ನೋಣ. ಆಹಾರ ಸುರಕ್ಷತಾ ನೋಂದಣಿಗೆ ವರ್ಷಕ್ಕೆ 100 ರೂಪಾಯಿ. ಅದು ಹೊರೆಯಲ್ಲ, ತಿನ್ನುವವರ ಆರೋಗ್ಯಕ್ಕೆ ಅದು ಬೇಕು. ಹೊರೆ ಶುರುವಾಗುವುದು ಮುಂದೆ. ಕೇಂದ್ರದ ಕಿರು ಆಹಾರ ಸಂಸ್ಕರಣಾ ಯೋಜನೆ 2020ರಲ್ಲಿ ಬಂತು, ಹತ್ತು ಸಾವಿರ ಕೋಟಿ ರೂಪಾಯಿಯದು. ಯೋಜನಾ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ಸಹಾಯಧನ. ಕೇಳಲು ಹಿತ. ಆದರೆ ಸಹಾಯಧನ ಸಾಲಕ್ಕೆ ಗಂಟು ಬಿದ್ದಿದೆ. ಮೊದಲು ಬ್ಯಾಂಕು ಒಪ್ಪಬೇಕು. ಬ್ಯಾಂಕು ಪಹಣಿ ಕೇಳುತ್ತದೆ. ಪಹಣಿ ಮಾವನ ಹೆಸರಿನಲ್ಲಿ, ಇಲ್ಲವೇ ಎಂದೋ ತೀರಿಕೊಂಡ ಅಜ್ಜನ ಹೆಸರಿನಲ್ಲಿ. ಬೆಳೆಸಾಲ ಕಂತು ತಪ್ಪಿದ್ದಕ್ಕೆ ಸಿಬಿಲ್ ಸ್ಕೋರ್ ಬಿದ್ದಿದೆ. ರೊಟ್ಟಿ ಬಡಿಯುವ ಕೈಗೆ ಅಡಮಾನ ಇಡಲು ತಾಳಿ ಬಿಟ್ಟರೆ ಬೇರೆ ಇಲ್ಲ.

ಹೇಗೋ ಮಾಲು ತಯಾರಾಯಿತು. ಈಗ ತೆರಿಗೆ. 2022ರ ಜುಲೈ 18ರಿಂದ 25 ಕಿಲೊವರೆಗಿನ, ಲೇಬಲ್ ಅಂಟಿಸಿದ ಅಕ್ಕಿ, ಹಿಟ್ಟು, ಬೇಳೆ, ಬೆಲ್ಲದ ಪೊಟ್ಟಣಕ್ಕೆ ಶೇ 5 ಜಿಎಸ್‌ಟಿ. ಮೂಟೆ ಬಿಚ್ಚಿ ತೂಗಿ ಮಾರಿದರೆ ತೆರಿಗೆಯಿಲ್ಲ. ಒಂದು ಬಾಯಲ್ಲಿ ಪೊಟ್ಟಣ ಕಟ್ಟು, ಬ್ರ್ಯಾಂಡ್ ಮಾಡು ಎನ್ನುವ ಸರ್ಕಾರ ಇನ್ನೊಂದು ಕೈಯಲ್ಲಿ ಕಟ್ಟಿದ ಪೊಟ್ಟಣಕ್ಕೆ ಸುಂಕ ಎತ್ತುತ್ತದೆ. 40 ಲಕ್ಷದೊಳಗಿನ ವಹಿವಾಟಿಗೆ ನೋಂದಣಿಯೇ ಬೇಡವಲ್ಲ ಎಂದು ಅಧಿಕಾರಿಗಳು ಸಮಾಧಾನ ಹೇಳುತ್ತಾರೆ. ಪಕ್ಕದ ಸೊಲ್ಲಾಪುರಕ್ಕೆ ಮಾರಲು ಹೊರಟರೆ ಬೇಕು, ಸ್ವಾಮಿ. ರಾಜ್ಯದ ಗಡಿ ದಾಟಿದರೆ ಆ ವಿನಾಯಿತಿ ಇಲ್ಲ. ದೊಡ್ಡ ಅಂಗಡಿಗಳಂತೂ ಆ ಸಂಖ್ಯೆಯಿಲ್ಲದ ಮಾಲನ್ನು ಮುಟ್ಟುವುದೂ ಇಲ್ಲ. ಮುಟ್ಟಿದರೂ ಕಪಾಟಿನಲ್ಲಿ ಜಾಗಕ್ಕೆ ದುಡ್ಡು, ಮಾರಿದ ಮಾಲಿಗೆ ತಿಂಗಳುಗಟ್ಟಲೆ ಉದ್ದರಿ, ಮಾರದ ಮಾಲು ವಾಪಸು. ಪಕ್ಕದ ಕಪಾಟಿನಲ್ಲಿ ಕೋಟಿಗಟ್ಟಲೆ ಜಾಹೀರಾತು ಸುರಿದ ಕಂಪನಿಯ ರಾಗಿ ಮಾಲ್ಟ್. ಅದರ ಡಬ್ಬಿಯ ಮೇಲೆ ನಗುತ್ತಿರುವ ರೈತನ ಚಿತ್ರ. 2024-25ರಲ್ಲಿ ರಾಗಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 4,290 ರೂಪಾಯಿ, ಅಂದರೆ ಕಿಲೊಗೆ ನಲವತ್ಮೂರು ಸಹ ಇಲ್ಲ. ಆ ಡಬ್ಬಿಯ ದರ ನೋಡಿ, ಆ ರೈತ ಯಾಕೆ ನಗುತ್ತಿದ್ದಾನೆ ಎಂದು ನನಗೆ ಯಾರಾದರೂ ವಿವರಿಸಲಿ.

ರಫ್ತು ಮಾಡಿ ಎನ್ನುವವರಿಗೆ ಚಿಕ್ಕಬಳ್ಳಾಪುರ, ಕೋಲಾರದ ಗುಲಾಬಿ ಈರುಳ್ಳಿ ಬೆಳೆಗಾರರು ಉತ್ತರ ಕೊಡಲಿ. ನಮ್ಮ ಅಡುಗೆಮನೆಗಳಲ್ಲಿ ಆ ಸಣ್ಣ ಈರುಳ್ಳಿಗೆ ಹೆಚ್ಚು ಗಿರಾಕಿಯಿಲ್ಲ. ಅದನ್ನು ಬೆಳೆಯುವುದೇ ಮಲೇಷ್ಯಾ, ಸಿಂಗಪುರದ ಕಡೆಗೆ ಕಳಿಸಲು. ಅದಕ್ಕೂ ಭೌಗೋಳಿಕ ಸೂಚ್ಯಂಕವಿದೆ. ದಿಲ್ಲಿಯವರಿಗೆ ನಾಸಿಕದ ಈರುಳ್ಳಿ ದುಬಾರಿಯಾಯಿತೆಂದು 2023ರ ಆಗಸ್ಟಿನಲ್ಲಿ ರಫ್ತಿಗೆ ಶೇ 40 ಸುಂಕ, ಡಿಸೆಂಬರಿನಲ್ಲಿ ಪೂರಾ ನಿಷೇಧ. ಗುಲಾಬಿ ಈರುಳ್ಳಿಯೂ ಅದರಡಿ ನಜ್ಜುಗುಜ್ಜಾಯಿತು. 2024ರ ಮೇ ತಿಂಗಳಲ್ಲಿ ನಿಷೇಧ ಎದ್ದಿತು, ಚುನಾವಣೆಯ ಬಿಸಿಯಲ್ಲಿ ಗುಲಾಬಿ ಈರುಳ್ಳಿಗೆ ಸುಂಕ ವಿನಾಯಿತಿಯೂ ಬಂತು. ಮೂಗಿಗೆ ತುಪ್ಪ. ಅಷ್ಟರಲ್ಲಿ ಹೊರದೇಶದ ಖರೀದಿದಾರ ಬೇರೆ ದಾರಿ ನೋಡಿಕೊಂಡಿರುವುದಿಲ್ಲವೇ? ಯಾವ ಉದ್ಯಮಿಯ ಕಾರ್ಖಾನೆಯ ಬಾಗಿಲಿಗೆ ಹೀಗೆ ರಾತ್ರೋರಾತ್ರಿ ಬೀಗ ಹಾಕಿದ್ದೀರಿ?

ಸರ್ಕಾರವನ್ನು ಬೈದದ್ದಾಯಿತು. ಈಗ ನಮ್ಮವರನ್ನೇ ನೋಡೋಣ. ರೈತ ಎಂಬುವನು ಒಬ್ಬನಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವವರು ಹೆಂಗಸರು. ತೊಟ್ಟು ತೆಗೆದ ಕಾಯಿಗೆ ಹೆಚ್ಚು ದರ. ಮೌಲ್ಯವರ್ಧನೆಯ ಮೊದಲ ಮೆಟ್ಟಿಲು ಅದೇ. ದಿನವಿಡೀ ಘಾಟಿನಲ್ಲಿ ಕೂತು, ಬೆರಳು ಉರಿ ಹತ್ತಿ, ರಾತ್ರಿ ಕೂಸಿನ ಮೈ ಮುಟ್ಟಲು ಹೆದರುವ ಆ ಕೈಗಳಿಗೆ ಸಿಗುವುದು ತೂಕದ ಲೆಕ್ಕದ ಕೂಲಿ. ಮಲೆನಾಡಿನಲ್ಲಿ ಅಡಿಕೆ ಸುಲಿಯುವವರು, ಕರಾವಳಿಯಲ್ಲಿ ಗೇರುಬೀಜ ಒಡೆಯುವವರು, ಬಯಲುಸೀಮೆಯಲ್ಲಿ ಖಡಕ್ ರೊಟ್ಟಿ ಬಡಿಯುವವರು, ಎಲ್ಲರೂ ಇದೇ ಲೆಕ್ಕಕ್ಕೆ ಸಿಕ್ಕವರು. ನಮ್ಮ ರೈತ ಸಂಘಟನೆಗಳು ಕಬ್ಬಿನ ದರಕ್ಕೆ ಹೆದ್ದಾರಿ ತಡೆದಿವೆ. ತೊಟ್ಟು ಬಿಡಿಸುವ ಕೂಲಿಗೆ ಎಷ್ಟು ಸಲ ಓಣಿ ತಡೆದಿವೆ?

ಜಾತಿಯನ್ನು ಬಿಟ್ಟು ಬ್ರ್ಯಾಂಡಿನ ಮಾತಾಡುವುದು ಇನ್ನೊಂದು ಮೋಸ. ಈ ನಾಡಿನಲ್ಲಿ ಕೆಲವು ಜಾತಿಗಳ ಹೆಸರೇ ಸಾರಿನ ಪುಡಿಯ ಪೊಟ್ಟಣದ ಮೇಲೆ ಶುಚಿ ರುಚಿಯ ಮುದ್ರೆ. ದಲಿತ ಕೇರಿಯ ಹೆಸರು ಹೊತ್ತ ಒಂದು ಉಪ್ಪಿನಕಾಯಿ ಬಾಟಲಿಯನ್ನು ಯಾವ ಅಂಗಡಿಯಲ್ಲಾದರೂ ತೋರಿಸಿ. ದಲಿತ ಹೆಣ್ಣುಮಗಳು ಅಡುಗೆ ಮಾಡಿದಳೆಂದು ಶಾಲೆಯ ಬಿಸಿಯೂಟದಿಂದ ಮಕ್ಕಳನ್ನು ಎಬ್ಬಿಸಿಕೊಂಡು ಹೋದ ಊರುಗಳು ಇಲ್ಲಿವೆ. ಅದೇ ಊರಿಗೆ ಹೋಗಿ ಅದೇ ಹೆಣ್ಣುಮಗಳಿಗೆ ‘ಉತ್ಪನ್ನ ಚೆನ್ನಾಗಿದ್ದರೆ ಮಾರುಕಟ್ಟೆ ತಾನಾಗಿ ಬರುತ್ತದಮ್ಮ’ ಎಂದು ಪಾಠ ಹೇಳಲು ನಾಲಿಗೆ ಹೇಗೆ ಹೊರಳುತ್ತದೆ?

ರೈತ ಉತ್ಪಾದಕ ಸಂಸ್ಥೆಗಳ ಕಥೆಯೂ ಬೇರೆಯಲ್ಲ. 2020ರಲ್ಲಿ 6,865 ಕೋಟಿ ರೂಪಾಯಿಯ ಯೋಜನೆ, ಹತ್ತು ಸಾವಿರ ಸಂಸ್ಥೆಗಳ ಗುರಿ. 2025ರ ಫೆಬ್ರುವರಿಯಲ್ಲಿ ಗುರಿ ಮುಟ್ಟಿದೆವೆಂದು ಪ್ರಧಾನಿಗಳೇ ಘೋಷಿಸಿದರು. ಒಂದು ಸಂಸ್ಥೆಗೆ ನಿರ್ವಹಣೆಗೆಂದು ಮೂರು ವರ್ಷದಲ್ಲಿ ಗರಿಷ್ಠ 18 ಲಕ್ಷ. ಅದರಲ್ಲಿ ಕಚೇರಿ ಬಾಡಿಗೆ, ಮ್ಯಾನೇಜರನ ಸಂಬಳ, ಲೆಕ್ಕಪರಿಶೋಧಕನ ಫೀಜು ಕಳೆದರೆ ಬೇಳೆ ಗಿರಣಿಯ ಬೋರ್ಡು ಬರೆಸಲು ಮಾತ್ರ ದುಡ್ಡು ಉಳಿದೀತು. ಹೀಗಾಗಿ ಎಷ್ಟೋ ಸಂಸ್ಥೆಗಳು ಗೊಬ್ಬರ, ಔಷಧ ಮಾರುವ ಅಂಗಡಿಗಳಾಗಿವೆ. ರೈತನ ಮಾಲನ್ನು ಪೇಟೆಗೆ ಒಯ್ಯಬೇಕಿದ್ದ ಸಂಸ್ಥೆ ಪೇಟೆಯ ಮಾಲನ್ನು ರೈತನಿಗೆ ತಲುಪಿಸುತ್ತಿದೆ. ಇನ್ನು ನಿರ್ದೇಶಕರು ಯಾರು? ಊರ ಹತ್ತಾರು ಎಕರೆಯವರು, ಪಕ್ಷದ ಮುಖಂಡರು. ಪಹಣಿಯಿಲ್ಲದವಳಿಗೆ, ಕೋರಿಗೆ ಉಳುವವನಿಗೆ ಅಲ್ಲಿ ಕುರ್ಚಿಯಿಲ್ಲ.

ಹಾಗಾದರೆ ದಾರಿಯೇ ಇಲ್ಲವೇ? ಇದೆ, ನಮ್ಮ ಕಣ್ಣೆದುರಿಗೇ ಇದೆ. 2024ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕ್ ಹೊರತಂದ ಅಧ್ಯಯನ ಪ್ರಬಂಧಗಳನ್ನು ನೋಡಿ. ಗಿರಾಕಿ ಕೊಡುವ ಒಂದು ರೂಪಾಯಿಯಲ್ಲಿ ಟೊಮೆಟೊ ಬೆಳೆದವನಿಗೆ ತಲುಪುವುದು 33 ಪೈಸೆ, ಈರುಳ್ಳಿಯವನಿಗೆ 36, ಆಲೂಗಡ್ಡೆಯವನಿಗೆ 37. ಹಾಲಿನಲ್ಲಿ? ಸುಮಾರು 70 ಪೈಸೆ. ಹಾಲು ಟೊಮೆಟೊಗಿಂತ ಬೇಗ ಕೆಡುತ್ತದೆ. ದಿನಕ್ಕೆ ಎರಡು ಹೊತ್ತು ಕರೆಯಬೇಕು, ಹೊತ್ತಿಗೆ ಸರಿಯಾಗಿ ತಂಪು ಮಾಡಬೇಕು. ಕಷ್ಟ ಹೆಚ್ಚಿರುವ ಸರಕಿನಲ್ಲೇ ಪಾಲು ಹೆಚ್ಚಿದೆ. ಕೋಲಾರದ ಹೈನುಗಾರ ಬುದ್ಧಿವಂತ, ಕೋಲಾರದ ಟೊಮೆಟೊ ಬೆಳೆಗಾರ ದಡ್ಡ ಎಂದೇ ಇದರರ್ಥ? ಇಬ್ಬರೂ ಒಂದೇ ಮನೆಯವರು, ಬಹಳಷ್ಟು ಸಲ ಒಬ್ಬನೇ ಮನುಷ್ಯ. ಬೆಳಿಗ್ಗೆ ಡೇರಿಗೆ ಕ್ಯಾನು ಹಿಡಿದು ಹೋದಾಗ ಅವನು ಸದಸ್ಯ. ಅದೇ ದಿನ ಮಂಡಿಗೆ ಕ್ರೇಟು ಇಳಿಸಿದಾಗ ಅವನು ಬೇಡುವವನು.

1974ರಲ್ಲಿ ಕರ್ನಾಟಕ ಹೈನು ಅಭಿವೃದ್ಧಿ ನಿಗಮ ಹುಟ್ಟಿತು, 1984ರಲ್ಲಿ ಅದು ಹಾಲು ಮಹಾಮಂಡಳವಾಯಿತು. ಊರಲ್ಲಿ ಸಂಘ, ಜಿಲ್ಲೆಯಲ್ಲಿ ಒಕ್ಕೂಟ, ಮೇಲೆ ಮಹಾಮಂಡಳ. ಶೀತಲೀಕರಣ ಘಟಕ, ಟ್ಯಾಂಕರು, ಪುಡಿ ಮಾಡುವ ಯಂತ್ರ, ನಂದಿನಿ ಎಂಬ ಹೆಸರು ಎಲ್ಲವೂ ಸಂಘಟನೆಯದು. ಹಾಲು ಹೆಚ್ಚಾದ ದಿನ ಬೀದಿಗೆ ಸುರಿಯಬೇಕಿಲ್ಲ, ಪುಡಿಯಾಗುತ್ತದೆ. ಕರಾವಳಿಯಲ್ಲಿ ಅಡಿಕೆ ದರ ಬಿದ್ದಾಗ ಬೆಳೆಗಾರರು 1973ರಲ್ಲಿ ಕ್ಯಾಂಪ್ಕೊ ಎಂಬ ಸಹಕಾರ ಸಂಸ್ಥೆ ಕಟ್ಟಿದರು. ಕಂಪನಿಯ ಮಾತು ನಂಬಿ ಕೋಕೊ ನೆಟ್ಟವರನ್ನು ಎಂಬತ್ತರ ಆಸುಪಾಸಿನಲ್ಲಿ ಖರೀದಿದಾರರು ನಡುನೀರಿನಲ್ಲಿ ಕೈಬಿಟ್ಟಾಗ ಅದೇ ಕ್ಯಾಂಪ್ಕೊ ಕೋಕೊ ಕೊಂಡಿತು. ಕೊಂಡು ಸುಮ್ಮನಾಗದೆ 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ಹಾಕಿತು. ಅಡಿಕೆ ತೋಟದವನು ಚಾಕಲೇಟ್ ಕಾರ್ಖಾನೆಯ ಒಡೆಯನಾದ. ಮೌಲ್ಯವರ್ಧನೆ ಎಂದರೆ ಇದು.

ಇವುಗಳನ್ನು ಪೂಜಿಸಿ ಎನ್ನುತ್ತಿಲ್ಲ. ಹಾಲು ಒಕ್ಕೂಟಗಳ ಕುರ್ಚಿಗಳು ಶಾಸಕರಾಗಲು ಏಣಿಯಾಗಿವೆ. ಹಾಲಿನ ದರ ಸಂಘದಲ್ಲಿ ತೀರ್ಮಾನವಾಗದೆ ಸಂಪುಟದಲ್ಲಿ ತೀರ್ಮಾನವಾಗುತ್ತದೆ. ಕ್ಯಾಂಪ್ಕೊ ಕಟ್ಟಿದವರಿಗೆ ತೋಟವಿತ್ತು, ಓದಿತ್ತು, ಬ್ಯಾಂಕುಗಳನ್ನೇ ಹುಟ್ಟುಹಾಕಿದ ಜಿಲ್ಲೆಯ ಬೆಂಬಲವಿತ್ತು. ಕಲಬುರಗಿ ಜಿಲ್ಲೆಯ ಜೇವರ್ಗಿಯ ಒಣಭೂಮಿಯವನಿಗೆ ಅದಾವುದೂ ಇಲ್ಲ. ಇಲ್ಲದ್ದಕ್ಕೇ ಸರ್ಕಾರ ಬೇಕಿರುವುದು. ಹಾಲಿಗೆ ಟ್ಯಾಂಕರು, ಯಂತ್ರ, ತಂತ್ರಜ್ಞರನ್ನು ಕೊಟ್ಟ ಸರ್ಕಾರ ತೊಗರಿಗೆ, ಮೆಣಸಿನಕಾಯಿಗೆ, ಈರುಳ್ಳಿಗೆ ಬರೀ ಭಾಷಣ ಕೊಟ್ಟಿದೆ.

ಆದ್ದರಿಂದ ನಮಗೆ ಬೇಕಾದ್ದನ್ನು ಬಿಡಿಸಿ ಹೇಳುತ್ತೇನೆ, ಅರ್ಥವಾಗಲಿಲ್ಲ ಎನ್ನಬೇಡಿ. ಬೆಂಬಲ ಬೆಲೆ ಕಾನೂನಾಗಬೇಕು; ಅದಕ್ಕಿಂತ ಕೆಳಗೆ ಕೊಳ್ಳುವುದು ಅಪರಾಧವಾಗಬೇಕು. ಬೆಂಬಲ ಬೆಲೆಯ ಪಟ್ಟಿಯಲ್ಲೇ ಇಲ್ಲದ ಮೆಣಸಿನಕಾಯಿ, ಈರುಳ್ಳಿ, ಟೊಮೆಟೊಗಳಿಗೂ ಖರ್ಚಿಗೆ ತಕ್ಕ ನೆಲದ ಬೆಲೆ ಬೇಕು. ಹೋಬಳಿಗೊಂದು ಗೋದಾಮು ಬೇಕು, ಅಲ್ಲಿಟ್ಟ ಮಾಲಿನ ಮೇಲೆ ಅದೇ ದಿನ ಅಡಮಾನ ಸಾಲ ಬೇಕು. ಕಾಯುವ ತಾಕತ್ತು ಬಂದ ದಿನ ದಲಾಲನ ಧ್ವನಿ ತಾನಾಗಿ ತಗ್ಗುತ್ತದೆ. ಬ್ಯಾಡಗಿಯ ಅಂಗಳದಲ್ಲೇ ಬಣ್ಣ ಅಳೆಯುವ ಸರ್ಕಾರಿ ಪ್ರಯೋಗಾಲಯ ಬೇಕು, ಅಳತೆಯ ಚೀಟಿ ಟೆಂಡರಿಗೆ ಮೊದಲು ರೈತನ ಕೈಲಿರಬೇಕು.

ಸಕ್ಕರೆ ಮತ್ತು ಅದರ ಉಪ ಉತ್ಪನ್ನಗಳ ಮೌಲ್ಯದಲ್ಲಿ ಶೇ 70 ಕಬ್ಬು ಬೆಳೆದವನ ಪಾಲಾಗಬೇಕು ಎಂದು 2012ರಲ್ಲಿ ರಂಗರಾಜನ್ ಸಮಿತಿ ಹೇಳಿತು. ಕಬ್ಬಿಗೆ ಆ ತತ್ವ ಸರಿಯಾದರೆ ತೊಗರಿಗೆ ಯಾಕಲ್ಲ, ಮೆಣಸಿನಕಾಯಿಗೆ ಯಾಕಲ್ಲ? ಸಾರ್ವಜನಿಕ ಹಣ ಬಿದ್ದ ಪ್ರತಿ ಗಿರಣಿ, ಪ್ರತಿ ಶೈತ್ಯಾಗಾರದ ಷೇರು ಬೆಳೆದವರ ಮತ್ತು ದುಡಿದವರ ಹೆಸರಿನಲ್ಲಿರಬೇಕು. ತೊಟ್ಟು ಬಿಡಿಸುವವಳಿಗೂ ಒಂದು ಮತ, ಹತ್ತೆಕರೆಯವನಿಗೂ ಒಂದೇ ಮತ. ಮಾರುಕಟ್ಟೆ ಎಲ್ಲಿದೆ ಎಂದು ಕೇಳಬೇಡಿ, ನಿಮ್ಮ ಕೈಯಲ್ಲೇ ಇದೆ. ಬಿಸಿಯೂಟ, ಅಂಗನವಾಡಿ, ವಿದ್ಯಾರ್ಥಿನಿಲಯ, ಜೈಲು, ಆಸ್ಪತ್ರೆ. ಅಲ್ಲಿಗೆಲ್ಲ ಬೇಳೆ, ಹಿಟ್ಟು, ಖಾರದ ಪುಡಿ ತಲುಪಿಸಲು ಟೆಂಡರು ಹಿಡಿಯುವ ಗುತ್ತಿಗೆದಾರನನ್ನು ಬದಿಗೆ ಸರಿಸಿ, ತಾಲ್ಲೂಕಿನ ರೈತರ ಗಿರಣಿಯಿಂದ ಕೊಳ್ಳಿ. ಹೊಸ ಜಾಹೀರಾತು ಬೇಡ, ಹೊಸ ಆ್ಯಪ್ ಬೇಡ. ಒಂದು ಸಹಿ ಸಾಕು. ಆ ಸಹಿ ಹಾಕದಿರುವುದಕ್ಕೆ ಕಾರಣ ಯಾರ ಬೇಳೆ ಬೇಯುತ್ತಿದೆ ಎಂಬುದರಲ್ಲಿದೆ.

ಇನ್ನು ನಮ್ಮವರಿಗೆ ಒಂದು ಮಾತು. ತರಬೇತಿಗೆ ಕರೆದರೆ ಹೋಗಿ. ಊಟ ಮಾಡಿ, ಪ್ರಮಾಣಪತ್ರ ಇಸಿದುಕೊಳ್ಳಿ, ಒಣಗಿಸುವ ಪುಡಿ ಮಾಡುವ ವಿದ್ಯೆಯನ್ನೂ ಕಲಿಯಿರಿ. ವಿದ್ಯೆಯ ಮೇಲೆ ನಮಗೆ ಸಿಟ್ಟಿಲ್ಲ. ಆಮೇಲೆ ಎದ್ದು ನಿಂತು ಕೇಳಿ. ಈ ಯಂತ್ರದ ಷೇರು ಯಾರ ಹೆಸರಿನಲ್ಲಿ? ದರ ಬರೆಯುವವರು ಯಾರು? ಮಾಲು ಉಳಿದರೆ ಕೊಳ್ಳುವವರು ಯಾರು? ನಷ್ಟ ಬಂದರೆ ಹರಾಜಿಗೆ ಬರುವುದು ಯಾರ ಮನೆ? ನಾಲ್ಕು ಪ್ರಶ್ನೆಗೂ ಉತ್ತರ ಇಲ್ಲದಿದ್ದರೆ ಆ ಸಭೆ ಅಲ್ಲಿಗೇ ಬರಖಾಸ್ತು ಮಾಡಿ. ಮುಂದಿನ ಸಭೆಯನ್ನು ನಾವು ಕರೆಯೋಣ. ಮಂತ್ರಿ, ಅಧಿಕಾರಿ, ಗಿರಣಿ ಮಾಲೀಕ, ಬ್ಯಾಂಕ್ ಮ್ಯಾನೇಜರು ಎಲ್ಲರೂ ಬರಲಿ, ಎಪಿಎಂಸಿ ಅಂಗಳಕ್ಕೆ, ಟೆಂಡರ್ ದಿನ, ಮಟಮಟ ಮಧ್ಯಾಹ್ನ. ಆ ದಿನ ಕಾಗದ ಪೆನ್ನು ನಮ್ಮ ಹತ್ತಿರ ಇರುತ್ತವೆ. ದರ ನಾವು ಬರೆಯುತ್ತೇವೆ, ಅವರು ಓದಿ ಸಹಿ ಹಾಕಲಿ.